ಸವಳು ಗೋಡೆಗೆ ತೂಗಿದ ಸುರುಳಿ ಹಲಗೆ

ನಾನು ಒಂದು ಸುರುಳಿ ಹಲಗೆ. ಹಲಗೆ ಎಂದ ಕೂಡಲೇ ಮರದ್ದೆಂದು ತಿಳಿಯಬೇಡಿ. ಮರ ಅಂತ ಇರುವುದು ತಲೆಗೊಂದು ಕೋಲು, ಕಾಲಿಗೊಂದು ಕೋಲು ಮಾತ್ರ. ನಡುವಿನ ಮೈಯೆಲ್ಲ ದಪ್ಪ ಬಟ್ಟೆ, ಬಟ್ಟೆಯ ಮೇಲೆ ಕರಿ ಬಣ್ಣ. ಬಿಚ್ಚಿ ತೂಗಿಹಾಕಿದರೆ ಎಲ್ಲಿ ಬೇಕಾದರೂ ಶಾಲೆ ಮಾಡಬಹುದು, ಸುತ್ತಿದರೆ ಕೊಡೆಯ ಹಾಗೆ ಕಂಕುಳಲ್ಲಿ ಹಿಡಿದು ನಡೆಯಬಹುದು. ಶಿಕ್ಷಕರಾಗಲು ಕಲಿಯುವ ಬಿ.ಎಡ್. ವಿದ್ಯಾರ್ಥಿಗಳು ಸುತ್ತಲಿನ ಶಾಲೆಗಳಿಗೆ ಪಾಠ ಅಭ್ಯಾಸಕ್ಕೆ ಹೋಗುವಾಗ ನನ್ನಂಥವರನ್ನು ಒಯ್ಯುತ್ತಾರೆ. ರೋಲ್‌ಅಪ್ ಬೋರ್ಡ್ ಎನ್ನುವುದು ಅವರು ಇಟ್ಟ ಹೆಸರು. ನನಗೆ ಎರಡೂ ಹೆಸರು ಒಪ್ಪಿಗೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ, ಅಂಗಡಿಗಳ ಬೋರ್ಡು ಬರೆಯುವ ಒಬ್ಬ ಪೇಂಟರನ ಕೈಯಲ್ಲಿ. ತುಟಿಯ ಮೂಲೆಯಲ್ಲಿ ಬೀಡಿ ಸಿಕ್ಕಿಸಿಕೊಂಡು ಅವನು ನನಗೆ ಒಂದು ಕೈ ಬಣ್ಣ ಬಳಿದ, ಒಣಗಿಸಿದ, ಮತ್ತೊಂದು ಕೈ ಬಳಿದ. ಕೊನೆಯ ಕೈ ಬಳಿದ ದಿನ ಅವನಿಗೆ ಎಲ್ಲಿಗೋ ಹೋಗುವ ಅವಸರವಿತ್ತು. ಬಣ್ಣ ಪೂರ್ತಿ ಆರುವ ಮೊದಲೇ ಸುತ್ತಿ ಕಟ್ಟಿಬಿಟ್ಟ. ಅಂದಿನಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಬಿಚ್ಚಿ ತೂಗಿಹಾಕಿದರೆ ಸುಮ್ಮನಿರುವುದಿಲ್ಲ, ಕೆಳಗಿನಿಂದ ಚರ್ರನೆ ಸುತ್ತಿಕೊಂಡು ಮೇಲಕ್ಕೆ ಬರುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

ನನ್ನ ಮೊದಲ ಒಡತಿ ನೀಲಾಂಬಿಕಾ ಬೆಳವಟಗಿ. ಕಡಲೆಹಾಳ ಎಂಬ ಸಣ್ಣ ಊರಿನ ಬಿ.ಎಡ್. ಕಾಲೇಜಿನಲ್ಲಿ ಆಗ ಆಕೆ ವಿದ್ಯಾರ್ಥಿನಿ. ಕರಿಮಣ್ಣಿನ ಸೀಮೆ ಅದು. ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ನೀಲಾಂಬಿಕಾ ನನ್ನನ್ನು ಕಂಕುಳಲ್ಲಿ ಹಿಡಿದು ಆ ಮಣ್ಣಿನಲ್ಲಿ ನಡೆದು ಮೊದಲ ಪಾಠಕ್ಕೆ ಹೋದಳು. ಪಾಠ, ಎಲೆಯ ಭಾಗಗಳು. ಹಿಂದಿನ ಬೆಂಚಿನಲ್ಲಿ ಅವಳ ಗುರುಗಳು ಪಾಠ ನೋಡಿ ತಪ್ಪು ಒಪ್ಪು ಬರೆಯಲು ಕುಳಿತಿದ್ದರು. ಆಕೆಯ ಕೈ ನಡುಗುತ್ತಿತ್ತು. ಸೀಮೆಸುಣ್ಣ ನನ್ನ ಮೈಗೆ ತಾಗಿದಾಗ ನನಗೇ ಗೊತ್ತಾಯಿತು. ಶೀರ್ಷಿಕೆ ಬರೆದು ಮಕ್ಕಳ ಕಡೆ ತಿರುಗಿದಳೋ ಇಲ್ಲವೋ, ನಾನು ಚರ್ರನೆ ಸುತ್ತಿಕೊಂಡು ಮೇಲೆ ಹೋದೆ.

ಮಕ್ಕಳು ಹೊಟ್ಟೆ ಹಿಡಿದು ನಕ್ಕವು. ನೀಲಾಂಬಿಕಾಳ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಚೀಲದಿಂದ ತನ್ನ ಬುತ್ತಿಯ ಡಬ್ಬಿ ತೆಗೆದು, ಅದರ ಹಿಡಿಕೆಯನ್ನು ನನ್ನ ಕೆಳಗಿನ ಕೋಲಿಗೆ ದಾರದಿಂದ ಕಟ್ಟಿ ಇಳಿಬಿಟ್ಟಳು. ನನ್ನ ಮೈ ನೆಟ್ಟಗಾಯಿತು. ಡಬ್ಬಿಯೊಳಗಿನ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಕೋಣೆ ತುಂಬ ಹರಡಿ, ಪಾಠ ಮುಗಿಯುವ ಹೊತ್ತಿಗೆ ಮಕ್ಕಳಿಗೆಲ್ಲ ಹಸಿವಾಗಿತ್ತು. ಗುರುಗಳೂ ಏನೂ ಅನ್ನಲಿಲ್ಲ; ಅವರಿಗೂ ಹಸಿವಾಗಿರಬೇಕು.

ಆ ಕಾಲೇಜಿನಲ್ಲಿ ಒಂದು ಪದ್ಧತಿಯಿತ್ತು. ಪರೀಕ್ಷೆ ಮುಗಿಸಿ ಹೋದವರು ಅಂಕಪಟ್ಟಿ ಒಯ್ಯಲು ಮತ್ತೆ ಬರುವ ಹೊತ್ತಿಗೆ ಹೊಸ ತಂಡ ಬಂದಿರುತ್ತಿತ್ತು. ಹಳಬರು ತಮ್ಮ ಸುರುಳಿ ಹಲಗೆಯ ದಾರದ ತುದಿಗೆ ಒಂದು ಸೀಮೆಸುಣ್ಣ ಕಟ್ಟಿ ಹೊಸಬರೊಬ್ಬರ ಕೈಗೆ ಕೊಡುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ, ಯಾವ ನಿಯಮದಲ್ಲೂ ಇರಲಿಲ್ಲ. ಹೆಣ್ಣು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುವುದಿಲ್ಲವೇ, ಅಂಥದೇ ಒಂದು ನಡೆ. ನೀಲಾಂಬಿಕಾ ನನ್ನನ್ನು ಬಸಲಿಂಗಪ್ಪ ಎಂಬ ಉದ್ದ ಕಾಲಿನ ಹುಡುಗನಿಗೆ ಕೊಟ್ಟಳು.

ಬಸಲಿಂಗಪ್ಪ ಸಮಾಜ ವಿಜ್ಞಾನದವನು, ಚಿತ್ರ ಬರೆಯುವುದರಲ್ಲಿ ಗಟ್ಟಿಗ. ಒಂದು ಹಳ್ಳಿಯ ಶಾಲೆಯಲ್ಲಿ ಅವನು ನನ್ನ ಮೇಲೆ ಕೃಷ್ಣಾ ನದಿಯನ್ನೂ ಅದರ ಉಪನದಿಗಳನ್ನೂ ಎಷ್ಟು ಚೆಂದ ಬರೆದನೆಂದರೆ, ಅಳಿಸಲು ಅಲ್ಲಿನ ಹೆಡ್‌ಮಾಸ್ತರರು ಬಿಡಲೇ ಇಲ್ಲ. "ಇರ್ಲಿ ಬಿಡಪಾ, ನಮ್ಮ ಹುಡುಗರು ಇನ್ನೊಂದಿಷ್ಟು ದಿವಸ ನೋಡ್ಲಿ" ಎಂದರು. ಅವನು ಬೇರೆಯವರ ಹಲಗೆ ಬೇಡಿ ತನ್ನ ಉಳಿದ ಪಾಠ ಮುಗಿಸಿದ. ನನ್ನ ಜನ್ಮದಲ್ಲಿ ಬರೆದದ್ದು ಅಳಿಸದೆ ಉಳಿದದ್ದು ಅದೊಂದೇ ಸಲ. ನದಿಗಳನ್ನು ಮೈಮೇಲೆ ಹೊತ್ತ ಆ ದಿನಗಳಲ್ಲಿ ನನಗೆ ತುಸು ಸೊಕ್ಕು ಬಂದಿತ್ತು ಎಂದು ಹೇಳಿದರೆ ತಪ್ಪಾಗಲಾರದು.

ಆಮೇಲೆ ಎಷ್ಟೋ ಕೈಗಳು ಬದಲಾದವು. ಗಟ್ಟಿಯಾಗಿ ಒತ್ತಿ ಬರೆಯುವವರು, ಬರೆದಂತೆಯೇ ಮಾತಾಡುವವರು, ಸೆರಗಿನಲ್ಲಿ ಒರೆಸುವವರು, ಉಗುಳು ಹಚ್ಚಿ ಒರೆಸುವವರು, ಎಲ್ಲರನ್ನೂ ಕಂಡೆ. ಎಲ್ಲರೂ ಮೊದಲ ದಿನ ನಡುಗಿದವರೇ. ಕೊನೆಯ ದಿನದ ಹೊತ್ತಿಗೆ ಮಕ್ಕಳು ಅವರನ್ನು ಬಿಡಲೊಲ್ಲವು. ಇದನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಹಲಗೆಗಲ್ಲದೆ ಇನ್ನಾರಿಗೆ ಸಿಗುತ್ತದೆ?

ಕಾಲ ಬದಲಾಯಿತು. ಥರ್ಮಾಕೋಲಿನ ಮಾದರಿಗಳು ಬಂದವು, ಗೋಡೆಯ ಮೇಲೆ ಚಿತ್ರ ಮೂಡಿಸುವ ಸ್ಮಾರ್ಟ್ ಬೋರ್ಡ್ ಬಂತು. ಒಬ್ಬ ಹುಡುಗ ನನ್ನನ್ನು ಯಾರಿಗೂ ಕೊಡದೆ ಸ್ಟೋರ್ ರೂಮಿನ ಮೂಲೆಗೆ ಒರಗಿಸಿ ಹೋದ. ನನ್ನ ಪಕ್ಕ ಸದ್ದು ಸತ್ತ ಒಂದು ಹಾರ್ಮೋನಿಯಂ ಇತ್ತು, ಎದುರಿಗೆ ಒಂದು ಕೈ ಕಳೆದುಕೊಂಡ ಅಸ್ಥಿಪಂಜರ. ಸಹವಾಸ ಚೆನ್ನಾಗಿಯೇ ಇತ್ತು. ಸ್ಟೋರ್ ರೂಮಿನ ಪಕ್ಕದ್ದೇ ಸ್ಟಾಫ್ ರೂಮು, ನಡುವಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲವಾದ್ದರಿಂದ ಊರ ಸುದ್ದಿಗೆ ಕೊರತೆ ಇರಲಿಲ್ಲ. ನೀಲಾಂಬಿಕಾ ಅದೇ ಕಾಲೇಜಿನಲ್ಲಿ ಅಧ್ಯಾಪಕಿಯಾದದ್ದು, ಮುಂದೆ ಪ್ರಾಂಶುಪಾಲೆಯಾದದ್ದು, ಎಲ್ಲವನ್ನೂ ನಾನು ಆ ಸಂದಿನಿಂದಲೇ ಕೇಳಿ ತಿಳಿದೆ.

ಒಂದು ದಿನ ಆಕೆಯ ದನಿ ಎಂದಿನಂತಿರಲಿಲ್ಲ.

"ಯುನಿವರ್ಸಿಟಿಯಿಂದ ಪತ್ರ ಬಂದೈತ್ರಿ. ನಮ್ಮ ಕಾಲೇಜಿಂದು ಇನ್ನೂ ಒಮ್ಮೆಯೂ ನ್ಯಾಕ್ ತಪಾಸಣಿ ಆಗಿಲ್ಲ. ಈ ಸಲ ಮಾನ್ಯತೆ ಸಿಗಲಿಲ್ಲಂದ್ರ ಮುಂದಿನ ವರ್ಷ ಅಡ್ಮಿಷನ್ ಕೊಡೂದಿಲ್ಲಂತ."

ವಿಜ್ಞಾನ ಬೋಧನೆ ಕಲಿಸುವ ನದಾಫ ಸರ್ ಮೆಲ್ಲಗೆ ಕೇಳಿದರು: "ಅಡ್ಮಿಷನ್ ಇಲ್ಲಂದ್ರ ಕಾಲೇಜ್ ಮುಚ್ಚಿದ್ಹಂಗಲ್ರೀ ಮ್ಯಾಡಂ?"

"ಮುಚ್ಚಿದ್ಹಂಗ. ಗಂಡಹುಡುಗರು ಗದಗಿಗೋ ಹುಬ್ಬಳ್ಳಿಗೋ ಹೋಗಿ ಓದ್ತಾರ. ಆದ್ರ ತಾಂಡಾದಿಂದ, ಹಳ್ಳಿಯಿಂದ ಬರೋ ನಮ್ಮ ಹುಡುಗ್ಯಾರನ್ನ ಅಲ್ಲೀಮಟ ಯಾರು ಕಳಸ್ತಾರ್ರಿ?"

ಅಲ್ಲಿಂದ ಶುರುವಾಯಿತು ನೋಡಿ ಸಡಗರ. ಮದುವೆ ಮನೆಯೇ ವಾಸಿ, ಅಲ್ಲಿ ಗಂಡು ಯಾರು ಹೆಣ್ಣು ಯಾರು ಎಂದಾದರೂ ಗೊತ್ತಿರುತ್ತದೆ. ಇಲ್ಲಿ ಕಾಲೇಜು ತನ್ನ ಬಗ್ಗೆ ತಾನೇ ಒಂದು ದೊಡ್ಡ ವರದಿ ಬರೆಯಬೇಕಿತ್ತು. ಏನು ಕಲಿಸುತ್ತೀರಿ, ಹೇಗೆ ಕಲಿಸುತ್ತೀರಿ, ಕಲಿತವರು ಎಲ್ಲಿದ್ದಾರೆ, ಎಲ್ಲಕ್ಕೂ ಸಾಕ್ಷಿ ಬೇಕು. ಏಳು ಮಾನದಂಡಗಳನ್ನು ಅಧ್ಯಾಪಕರು ಹಂಚಿಕೊಂಡರು. ಸ್ವಲ್ಪ ದಿನದಲ್ಲೇ ಅವರ ಹೆಸರುಗಳೇ ಮರೆತುಹೋಗಿ, "ಮೂರನೇ ಕ್ರೈಟೀರಿಯಾ ಸರ್ ಚಹಾ ಕುಡಿದ್ರೇನು?" "ಐದನೇ ಕ್ರೈಟೀರಿಯಾ ಮ್ಯಾಡಂಗ ಇವತ್ತ ಜ್ವರ ಅಂತ" ಎನ್ನುವ ಮಾತು ಬಾಗಿಲ ಸಂದಿನಿಂದ ಕೇಳತೊಡಗಿತು. ಸಸಿ ನೆಟ್ಟರೆ ಫೋಟೊ, ನೀರು ಹಾಕಿದರೆ ಫೋಟೊ, ಸಸಿ ಒಣಗಿದರೆ ಮತ್ತೊಂದು ನೆಟ್ಟು ಫೋಟೊ. ಫೋಟೊದ ಮೂಲೆಯಲ್ಲಿ ಊರು, ದಿನಾಂಕ, ಅಕ್ಷಾಂಶ, ರೇಖಾಂಶ ಮೂಡಬೇಕು. ಮೂಡದಿದ್ದರೆ ಸಸಿ ನೆಟ್ಟಿದ್ದೇ ಸುಳ್ಳು.

ವರದಿಯಲ್ಲಿ ಒಂದು ಕಡೆ, ನಿಮ್ಮ ಕಾಲೇಜಿನದೇ ಆದ ಎರಡು ಒಳ್ಳೆಯ ಪದ್ಧತಿಗಳನ್ನು ಬರೆಯಿರಿ ಎಂದು ಕೇಳಿದ್ದರಂತೆ. ಎಲ್ಲರೂ ತಲೆ ಕೆರೆದುಕೊಂಡರು. "ನಮ್ಮಲ್ಲೆ ಅಂಥಾದ್ದೇನೈತ್ರಿ?" ಎಂದರು ಒಬ್ಬರು. ಕೊನೆಗೆ ಯೋಗ ಮತ್ತು ಸಸಿ ನೆಡುವುದು ಎಂದು ಬರೆದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಮೂಲೆಯಲ್ಲಿ ನಿಂತು ನಾನು ನಕ್ಕೆ. ಹಾರ್ಮೋನಿಯಂಗೆ ಸದ್ದಿದ್ದರೆ ಅದೂ ನಗುತ್ತಿತ್ತು.

ಸ್ಟೋರ್ ರೂಮು ಖಾಲಿ ಮಾಡುವ ದಿನ ಬಂತು. ಹಾರ್ಮೋನಿಯಂ, ಮುರಿದ ಕುರ್ಚಿ, ನಾನು, ಎಲ್ಲರೂ ಗುಜರಿಗೆ ಹೋಗಲು ಅಂಗಳದಲ್ಲಿ ರಾಶಿಯಾಗಿ ಬಿದ್ದೆವು. ಅಸ್ಥಿಪಂಜರಕ್ಕೆ ಮಾತ್ರ ಹೊಸ ಕೈ ಬಂತು, ಅದು ವಿಜ್ಞಾನದ ಕೋಣೆಗೆ ಹೋಯಿತು. ಇಷ್ಟೇ ನನ್ನ ಆಯುಷ್ಯ ಎಂದುಕೊಂಡೆ. ಆಗ ಒಂದು ಕೈ ನನ್ನನ್ನು ಎತ್ತಿಕೊಂಡಿತು.

ಆಕೆ ಸೋನಾಬಾಯಿ ಲಮಾಣಿ, ಎರಡನೇ ವರ್ಷದ ವಿದ್ಯಾರ್ಥಿನಿ. ಬೆಣಚಮಟ್ಟಿ ತಾಂಡಾದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಆಕೆ ಪಾಠ ಅಭ್ಯಾಸಕ್ಕೆ ಹೋಗುತ್ತಿದ್ದ ಶಾಲೆಯ ಗೋಡೆ ಹಲಗೆ ಸವೆದು ಬಿಳಿಯಾಗಿತ್ತು, ಏನು ಬರೆದರೂ ಕಾಣುತ್ತಿರಲಿಲ್ಲ. ನನ್ನನ್ನು ಬಿಚ್ಚಿ ಧೂಳು ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿದಳು. ಎಷ್ಟೋ ವರ್ಷದ ಮೇಲೆ ಮೈ ತೊಳೆದ ಸುಖ. ಒರೆಸುತ್ತಲೇ ಪಕ್ಕದ ಗೆಳತಿಗೆ ಹೇಳಿದಳು:

"ನಮ್ಮ ತಂಗಿ ಕಮಲಿದು ಡಿಗ್ರಿ ಮುಗೀತು. ಮುಂದಿನ ವರ್ಷ ಇಲ್ಲೇ ಸೇರ್ತೀನಿ ಅಂತ ಕುಂತಾಳ. ನಮ್ಮಪ್ಪ ಏನಂತಾನ ಗೊತ್ತೇನು? ಸಂಜೀ ಬಸ್ಸಿಗೆ ಮನೀಗೆ ಬರೂ ಕಾಲೇಜಿದ್ರ ಓದಸ್ತೀನಿ, ಇಲ್ಲಂದ್ರ ವರಾ ನೋಡ್ತೀನಿ ಅಂತಾನ."

"ನ್ಯಾಕ್ ಆದ್ರ ಕಮಲಿ ಟೀಚರ್, ಆಗಲಿಲ್ಲಂದ್ರ ಮದುವಿ ಹುಡುಗಿ!" ಎಂದು ಗೆಳತಿ ನಕ್ಕಳು. ಸೋನಾಬಾಯಿ ನಗಲಿಲ್ಲ.

ಕಾಲೇಜು ನೋಡಿ ಮಾನ್ಯತೆ ತೀರ್ಮಾನಿಸುವ ನ್ಯಾಕ್ ತಜ್ಞರ ತಂಡ ಬರುವ ದಿನ ಒಂದು ಮಾದರಿ ಪಾಠ ತೋರಿಸಬೇಕೆಂದು ನಿಶ್ಚಯವಾಯಿತು. ಸೋನಾಬಾಯಿಯ ದನಿ ಗಟ್ಟಿ, ಮಾತು ಸ್ಪಷ್ಟ. ನದಾಫ ಸರ್ ಆಕೆಯನ್ನೇ ಆರಿಸಿದರು. ಪಕ್ಕದ ಶಾಲೆಯ ಆರನೇ ತರಗತಿಯ ಮಕ್ಕಳನ್ನು ಕರೆತಂದರು. ಪಾಠ, ನೀರು ಆವಿಯಾಗುವುದು.

ನದಾಫ ಸರ್ ಒಳ್ಳೆಯ ಮನುಷ್ಯ, ಆದರೆ ಆ ದಿನಗಳಲ್ಲಿ ಹೆದರಿಕೆ ಅವರ ತಲೆ ಏರಿ ಕೂತಿತ್ತು. ಏನೂ ತಪ್ಪಬಾರದೆಂದು ಮಕ್ಕಳಿಗೆ ಉತ್ತರಗಳನ್ನು ಹಂಚಿಬಿಟ್ಟರು. ಮೊದಲ ಪ್ರಶ್ನೆಗೆ ಮೌನೇಶ ಎದ್ದು "ಅಂಗಿ" ಅನ್ನಬೇಕು. ಎರಡನೆಯದಕ್ಕೆ ಅವನ ಪಕ್ಕದವಳು "ಗಾಳ್ಯಾಗ" ಅನ್ನಬೇಕು. ಮುಂದಿನವನು "ಆವಿಯಾಗುವಿಕೆ", ಅದರ ಮುಂದಿನವಳು "ಸೂರ್ಯ". ದಿನಾ ಇದೇ ಗಿಣಿಪಾಠ. ಕಡೆಕಡೆಗೆ ಮಕ್ಕಳು ಪ್ರಶ್ನೆಯನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟವು. ಸೋನಾಬಾಯಿ ಬಾಯಿ ಮುಚ್ಚಿದ ಕೂಡಲೇ ಸರದಿಯವರು ಎದ್ದು ತಮ್ಮ ಮಾತು ಒಪ್ಪಿಸಿ ಕೂರುತ್ತಿದ್ದರು.

"ಸರ್, ಪಾಠ ಮಾಡಿದ್ಹಂಗ ಅನಸೂದಿಲ್ರಿ" ಎಂದಳು ಸೋನಾಬಾಯಿ.

"ಒಂದ ದಿವಸದ ಮಾತವಾ. ಕಾಲೇಜ್ ಉಳೀಲಿ, ಆಮ್ಯಾಲ ನಿನಗ ಬೇಕಾದ್ಹಂಗ ಮಾಡು" ಎಂದರು ಅವರು. ತಂಗಿಯ ನೆನಪಾಗಿ ಆಕೆ ಮತ್ತೆ ಮೊದಲ ಪ್ರಶ್ನೆಯಿಂದ ಶುರುಮಾಡಿದಳು.

ಮಾದರಿ ಪಾಠ ನಡೆಯಬೇಕಿದ್ದ ಕಾಲೇಜಿನ ಕೋಣೆಗೆ ಒಂದು ರೋಗವಿತ್ತು. ಎದುರು ಗೋಡೆಗೆ ಸವಳು ಹತ್ತಿತ್ತು. ನೆಲದ ಉಪ್ಪು ಗೋಡೆಗೆ ಏರಿ, ಬಿಳಿ ಪುಡಿಯಾಗಿ ಹೊರಬಂದು, ಗಿಲಾವನ್ನೇ ತಿಂದುಹಾಕುತ್ತದೆ ನೋಡಿ, ಅದು. ಸುಣ್ಣ ಬಣ್ಣ ಬಳಿದರೆ ನಾಲ್ಕು ದಿನಕ್ಕೆ ಮತ್ತೆ ಬುರುಬುರು ಉದುರುತ್ತಿತ್ತು. ತಂಡ ಬರುವ ಹಿಂದಿನ ದಿನ ಕೊನೆಯ ಸುತ್ತು ನೋಡಲು ಬಂದ ನೀಲಾಂಬಿಕಾ ಗೋಡೆ ಕಂಡು ಹಣೆ ಚಚ್ಚಿಕೊಂಡರು. ಸುತ್ತ ನೋಡಿದರು. ಸೋನಾಬಾಯಿ ಒರಗಿಸಿಟ್ಟ ಮೂಲೆಯಲ್ಲಿ ನಾನಿದ್ದೆ.

"ಆ ಹಳೇ ಬೋರ್ಡ್ ಐತಲ್ಲ, ಅದನ್ನ ಇಲ್ಲೆ ತೂಗ್ಹಾಕ್ರಿ. ಮ್ಯಾಲ ಸುಸ್ವಾಗತ ಅಂತ ಬರೀರಿ. ಗ್ವಾಡಿ ಮುಚ್ಚಿದ್ರ ಸಾಕು."

ನನ್ನನ್ನು ನೋಡಿದರು, ಗುರುತು ಹಿಡಿಯಲಿಲ್ಲ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವರ ಕಣ್ಣು ಗೋಡೆಯ ಮೇಲಿತ್ತು, ಇಡೀ ಕಾಲೇಜಿನ ಭಾರ ತಲೆಯ ಮೇಲಿತ್ತು. ಎಂದೋ ಬಗಲಲ್ಲಿ ಹಿಡಿದ ಕೋಲನ್ನು ಅಂಥ ಹೊತ್ತಿನಲ್ಲಿ ಯಾರು ನೆನೆಯುತ್ತಾರೆ? ಮೊಳೆ ಬಡಿದಾಗ ಒಳಗೆ ಪೊಳ್ಳು ಸದ್ದು ಬಂತು. ಯಾರೂ ಕಿವಿಗೊಡಲಿಲ್ಲ. ನಾನು ಸುತ್ತಿಕೊಳ್ಳದಂತೆ ಕೆಳಗಿನ ಕೋಲಿಗೆ ಅಂಟುಪಟ್ಟಿ ಹಚ್ಚಿ, ಬಣ್ಣದ ಸೀಮೆಸುಣ್ಣದಲ್ಲಿ ಸುಸ್ವಾಗತ ಎಂದು ಬರೆದರು. ಪಾಠಕ್ಕೆ ಹುಟ್ಟಿದ ನಾನು ಪರದೆಯಾದೆ.

ಮರುದಿನ ತಂಡ ಬಂತು. ಅಧ್ಯಕ್ಷರು ದೂರದ ರಾಜ್ಯದವರು, ಕನ್ನಡ ಬಾರದು. ಜೊತೆಗಿದ್ದ ಒಬ್ಬ ಸದಸ್ಯೆ ಸೋಲಾಪುರದ ಪ್ರೊಫೆಸರು, ಮನೆಮಾತು ಕನ್ನಡವೇ. ಎಲ್ಲರೂ ಹಿಂದಿನ ಸಾಲಿನಲ್ಲಿ ಕುಳಿತರು. ನೀಲಾಂಬಿಕಾ ರೇಷ್ಮೆ ಸೀರೆ ಉಟ್ಟು ಅವರ ಪಕ್ಕದಲ್ಲಿದ್ದರು. ಪಾಠ ಶುರುವಾಗುವ ಮೊದಲು ಸೋಲಾಪುರದ ಬಾಯಿಯವರು ಮಕ್ಕಳ ಹೆದರಿಕೆ ಹೋಗಲೆಂದು ಮುಂದಿನ ಸಾಲಿನ ಮೌನೇಶನನ್ನು ಪ್ರೀತಿಯಿಂದ ಕೇಳಿದರು:

"ಏನಪಾ, ಮುಂಜಾನೆ ಏನ್ ತಿಂದು ಬಂದಿ?"

ಮೌನೇಶ ಎದ್ದು ಕೈಕಟ್ಟಿ ನಿಂತು ಗಟ್ಟಿಯಾಗಿ ಹೇಳಿದ: "ಅಂಗಿ!"

ಬಾಯಿಯವರು ಕಣ್ಣು ಅಗಲಿಸಿದರು. ಮೌನೇಶ ತನ್ನ ಕೆಲಸ ಮುಗಿಯಿತೆಂದು ಕೂತ. ಅಲ್ಲಿಗೆ ಸರದಿ ಒಂದು ಹೆಜ್ಜೆ ಮುಂದೆ ಹೋಗಿತ್ತು.

ಸೋನಾಬಾಯಿ ಗಂಟಲು ಸರಿಮಾಡಿಕೊಂಡು ಪಾಠ ತೊಡಗಿದಳು. "ಮಕ್ಕಳೇ, ಹಿತ್ತಲ ತಂತಿ ಮ್ಯಾಲ ಏನು ಒಣಗಹಾಕ್ತೀವಿ?"

"ಗಾಳ್ಯಾಗ!"

"ಹಸಿ ಅಂಗಿಯೊಳಗಿನ ನೀರು ಎಲ್ಲೆ ಹೋತು?"

"ಆವಿಯಾಗುವಿಕೆ!"

"ಹಂಗ ಹೋಗೂದಕ್ಕ ಏನಂತಾರ?"

"ಸೂರ್ಯ!"

ಅಧ್ಯಕ್ಷರು ಭಾಷೆ ತಿಳಿಯದೆ, ಮಕ್ಕಳು ಬಲು ಚುರುಕು ಎಂದು ತಲೆಯಾಡಿಸಿದರು. ಸೋಲಾಪುರದ ಬಾಯಿಯವರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ನದಾಫ ಸರ್ ಬಾಗಿಲ ಬಳಿ ಕಣ್ಣು ಮುಚ್ಚಿ ನಿಂತಿದ್ದರು. ನೀಲಾಂಬಿಕಾರ ಮುಖದಲ್ಲಿ ರಕ್ತವಿರಲಿಲ್ಲ.

ಸೋನಾಬಾಯಿ ಪಾಠ ನಿಲ್ಲಿಸಿದಳು. ಆಕೆಯ ಉಸಿರು ನನಗೆ ಕೇಳುತ್ತಿತ್ತು. ಪಕ್ಕದ ಸ್ಮಾರ್ಟ್ ಬೋರ್ಡನ್ನು ಬಂದ್ ಮಾಡಿದಳು, ಅದರಲ್ಲಿ ಇದ್ದದ್ದು ಅದೇ ಪ್ರಶ್ನೆಗಳು, ಅದೇ ಸಾಲು. ಮತ್ತೆ ಮೊದಲಿನಿಂದ ಬರೆಯೋಣವೆಂದು ನನ್ನ ಹತ್ತಿರ ಬಂದು, ಸುಸ್ವಾಗತವನ್ನು ಡಸ್ಟರಿನಿಂದ ಒರೆಸಲು ಹೊರಟಳು. ಎರಡು ಸಲ ಒರೆಸಿದಳಷ್ಟೇ. ಪೊಳ್ಳು ಗೋಡೆಯ ಮೊಳೆ ಕಳಚಿತು. ಹೆಂಟೆ ಹೆಂಟೆ ಗಿಲಾವಿನ ಜೊತೆಗೆ ನಾನು ನೆಲಕ್ಕೆ ಬಿದ್ದೆ.

ಧೂಳು ಇಳಿದಾಗ ಗೋಡೆ ಬತ್ತಲೆ ನಿಂತಿತ್ತು. ಬಿಳಿ ಉಪ್ಪು, ಉದುರಿದ ಗಿಲಾವು, ತೇವದ ಕಲೆ. ಯಾವುದನ್ನು ಮುಚ್ಚಲು ಇಡೀ ಕಾಲೇಜು ಒದ್ದಾಡಿತ್ತೋ ಅದು ತಂಡದ ಕಣ್ಣೆದುರೇ ಇತ್ತು.

ಸೋನಾಬಾಯಿ ಪ್ರಾಂಶುಪಾಲೆಯ ಕಡೆ ನೋಡಿದಳು. ನಾನು ನೆಲದ ಮೇಲಿಂದ ಇಬ್ಬರನ್ನೂ ನೋಡುತ್ತಿದ್ದೆ. ನೀಲಾಂಬಿಕಾ ಒಂದು ಗಳಿಗೆ ಗೋಡೆಯನ್ನು ನೋಡಿದರು, ಆಮೇಲೆ ಆ ಹುಡುಗಿಯ ಮುಖವನ್ನು. ಮೆಲ್ಲಗೆ ಹೇಳಿದರು: "ಮುಂದ ನಡಸವಾ."

ಸೋನಾಬಾಯಿ ಗೋಡೆಯ ಕಡೆ ತಿರುಗಿದಳು. "ಬೀಬಿಜಾನ, ಇಲ್ಲೆ ಬಾ. ಇದೇನೈತಿ ನೋಡು."

ಬೀಬಿಜಾನಳಿಗೆ ಯಾವ ಉತ್ತರವೂ ಹಂಚಿಕೆಯಾಗಿರಲಿಲ್ಲ, ಕೊನೆಯ ಸಾಲಿನ ಹುಡುಗಿ. ಬಂದು ಬೆರಳಿನಿಂದ ಗೋಡೆ ಕೆರೆದಳು, ನಾಲಿಗೆಗೆ ಹಚ್ಚಿಕೊಂಡಳು. "ಥೂ! ಉಪ್ಪೈತ್ರಿ ಅಕ್ಕೋರ!"

ಅಷ್ಟೇ ಸಾಕಾಯಿತು. ಇಡೀ ತರಗತಿ ಎದ್ದು ಬಂದು ಗೋಡೆ ನೆಕ್ಕಲು ಮುತ್ತಿತು.

"ಗ್ವಾಡ್ಯಾಗ ಉಪ್ಪು ಯಾರು ಹಾಕಿದ್ರು?" ಎಂದಳು ಸೋನಾಬಾಯಿ.

"ಗೌಂಡಿ ಹಾಕಿರಬೇಕ್ರಿ!"

"ನಾಯಿ ಉಚ್ಚಿ ಹೊಯ್ದಿರಬೇಕ್ರಿ" ಎಂದ ಇನ್ನೊಬ್ಬ. ನೆಕ್ಕಿದವರೆಲ್ಲ ಥೂ ಥೂ ಎಂದು ಉಗುಳಿದರು. ಸೋಲಾಪುರದ ಬಾಯಿಯವರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತ ಅಧ್ಯಕ್ಷರ ಕಿವಿಯಲ್ಲಿ ಅನುವಾದ ಮಾಡಿದರು.

"ಕೆಳಗ ಐತಿ, ಮ್ಯಾಲ ಯಾಕಿಲ್ಲ?"

ಮಕ್ಕಳು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದವು. "ಕೆಳಗಿಂದ ಏರಿ ಬಂದೈತ್ರಿ ಅಕ್ಕೋರ. ನಮ್ಮ ಹೊಲದಾಗೂ ಸವಳ ಐತ್ರಿ" ಎಂದಳು ಬೀಬಿಜಾನ.

"ಉಪ್ಪಿಗೆ ಕಾಲಿಲ್ಲ. ಹ್ಯಾಂಗ ಏರ್ತು?"

ಸೋನಾಬಾಯಿ ಕಾದಳು. ಪ್ರಶ್ನೆ ಕೇಳಿ ಹೀಗೆ ಕಾಯುವ ಗುಣ ಎಲ್ಲರಿಗೂ ಬರುವುದಿಲ್ಲ, ಅನುಭವದಿಂದ ಹೇಳುತ್ತೇನೆ. ಕೊನೆಗೆ ಒಬ್ಬಳು ಅನುಮಾನಿಸುತ್ತ ಹೇಳಿದಳು: "ದೀಪದ ಬತ್ತಿಗೆ ಎಣ್ಣಿ ಏರತೈತಲ್ರೀ, ಹಂಗ ನೀರು ಏರಿರಬೇಕು. ನೀರಿನ ಜೋಡಿ ಉಪ್ಪೂ ಬಂದೈತಿ."

"ಶಾಬಾಶ್! ಹಂಗಾರ ಈಗ ಆ ನೀರೆಲ್ಲೈತಿ? ಮ್ಯಾಲಿನ ಪುಡಿ ಮುಟ್ಟಿ ನೋಡ್ರಿ, ಒಣಗೈತಿ."

ಆಗ ನೋಡಿ, ಎರಡನೇ ಉತ್ತರದ ಹುಡುಗಿ ಕುಣಿದು ಕೂಗಿದಳು: "ಗಾಳ್ಯಾಗ ಹೋತ್ರಿ!" ಅವಳ ಹಿಂದೆಯೇ ಮೌನೇಶ, ಯಾರೂ ಕೇಳದಿದ್ದರೂ, ಎದ್ದು ನಿಂತ. "ಅಂಗಿ ಒಣಗಿದ್ಹಂಗ್ರೀ ಅಕ್ಕೋರ! ಅಂಗಿ!" ಬಾಯಿಪಾಠ ಮಾಡಿದ ಅದೇ ಮಾತುಗಳು. ಈ ಸಲ ಮಾತ್ರ ಅವು ಮಕ್ಕಳ ಸ್ವಂತ ಮಾತುಗಳಾಗಿದ್ದವು.

ಸೋನಾಬಾಯಿಗೆ ಚಿತ್ರ ಬರೆದು ತೋರಿಸಬೇಕಿತ್ತು. ನೆಲದಲ್ಲಿ ಬಿದ್ದ ನನ್ನನ್ನು ಎತ್ತಿದಳು. ಇಬ್ಬರು ಎತ್ತರದ ಹುಡುಗಿಯರು ಬೆಂಚಿನ ಮೇಲೆ ನಿಂತು ನನ್ನ ತಲೆಕೋಲನ್ನು ಹಿಡಿದರು. ಅಂಟುಪಟ್ಟಿ ಹರಿದಿತ್ತು. ಸೀಮೆಸುಣ್ಣ ತಾಗಿಸಿದಳೋ ಇಲ್ಲವೋ, ನಾನು ಚರ್ರನೆ ಸುತ್ತಿಕೊಂಡು ಮೇಲೆ ಹೋದೆ. ಮಕ್ಕಳು ಹೊಟ್ಟೆ ಹಿಡಿದು ನಕ್ಕವು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ನೀಲಾಂಬಿಕಾ ಎದ್ದಿದ್ದರು. ತಂಡದವರನ್ನು ದಾಟಿ, ಮಕ್ಕಳ ನಡುವೆ ದಾರಿ ಮಾಡಿಕೊಂಡು ಬಂದು, ಗಿಲಾವಿನ ಪುಡಿಯ ಮೇಲೆಯೇ ರೇಷ್ಮೆ ಸೀರೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ನನ್ನ ಕೆಳಗಿನ ಕೋಲನ್ನು ಎರಡೂ ಕೈಯಿಂದ ಹಿಡಿದು ಎಳೆದರು.

"ಇದರ ಚಾಳಿ ನನಗ ಗೊತ್ತೈತಿ" ಎಂದರು. "ನೀ ಬರಿಯವಾ, ನಾ ಹಿಡದೀನಿ."

ಆ ಕೈ ನನಗೂ ಗೊತ್ತಿತ್ತು. ಹೆಬ್ಬೆರಳಿನಿಂದ ಕೋಲಿನ ಮೇಲೆ ದಾರ ಉಜ್ಜಿ ಬಿದ್ದಿದ್ದ ಹಳೆಯ ಗೀರನ್ನು ಸವರಿದರು, ಬುತ್ತಿಯ ಡಬ್ಬಿ ಕಟ್ಟಿದ ಗೀರು. "ನಂದ ಬೋರ್ಡ್ ಇದು" ಎಂದು ತಮಗೇ ಕೇಳುವಷ್ಟು ಮೆಲ್ಲಗೆ ಅಂದರು. ನನಗೆ ಕಣ್ಣೀರಿದ್ದರೆ ಮೈಮೇಲೆ ಉಳಿದಿದ್ದ ಅರ್ಧ ಸುಸ್ವಾಗತವೂ ಕರಗಿ ಹೋಗುತ್ತಿತ್ತು.

ಸೋನಾಬಾಯಿ ನೆಲ, ಗೋಡೆ, ಏರುವ ನೀರು, ಬಿಸಿಲು, ಎಲ್ಲವನ್ನೂ ನನ್ನ ಮೇಲೆ ಬರೆದಳು. "ನೀರು ಹೋತು. ಉಪ್ಪು ಯಾಕ ಹೋಗಲಿಲ್ಲ?" ಎಂಬ ಪ್ರಶ್ನೆಗೆ ಮಕ್ಕಳು ಜಗಳಕ್ಕೇ ಬಿದ್ದವು. ಜಗಳ ಮುಗಿಯುವ ಮೊದಲೇ ಗಂಟೆ ಹೊಡೆಯಿತು.

ಕೋಣೆ ಖಾಲಿಯಾದ ಮೇಲೆ ಸೋಲಾಪುರದ ಬಾಯಿಯವರು ನೀಲಾಂಬಿಕಾರ ಹತ್ತಿರ ಬಂದರು. "ಮಕ್ಕಳಿಗೆ ಉತ್ತರ ಹಂಚಿದ್ದು ತಪ್ಪು. ಅದನ್ನ ಬರೀತೀನ್ರಿ. ಆಮ್ಯಾಲ ಆದದ್ದನ್ನೂ ಬರೀತೀನಿ" ಎಂದು ನೇರವಾಗಿ ಹೇಳಿದರು. ಆಮೇಲೆ ನನ್ನ ಕಡೆ ನೋಡಿ, "ಇದು ನಿಮ್ಮದಾ?" ಎಂದು ಕೇಳಿದರು.

ನೀಲಾಂಬಿಕಾ ಹಲಗೆ ದಾಟಿಸುವ ಆ ಹಳೆಯ ಪದ್ಧತಿಯನ್ನು ಹೇಳಿದರು, ದಾರಕ್ಕೆ 'ಖಡು' ಕಟ್ಟಿ ಕೊಡುತ್ತಿದ್ದುದನ್ನೂ. ನಮ್ಮ ಕಡೆ ಸೀಮೆಸುಣ್ಣಕ್ಕೆ ಖಡು ಎನ್ನುತ್ತಾರೆ.

"ಮತ್ತ ಇದನ್ನ ನಿಮ್ಮ ವರದ್ಯಾಗ ಯಾಕ ಬರದಿಲ್ರಿ?"

"ಇಂಥಾದ್ದೂ ಬರೀಬೇಕೇನ್ರಿ?" ಎಂದರು ನೀಲಾಂಬಿಕಾ, ನಿಜವಾಗಿಯೂ ಅಚ್ಚರಿಪಟ್ಟು.

ಫಲಿತಾಂಶ ಬರುವವರೆಗೆ ಕಾಲೇಜು ಹೆಜ್ಜೆಯ ಸದ್ದೂ ಆಗದಂತೆ ನಡೆಯಿತು. ನದಾಫ ಸರ್ ದಿನಾ ಸೋನಾಬಾಯಿಯನ್ನು ಕಂಡರೆ ಮುಖ ತಪ್ಪಿಸುತ್ತಿದ್ದರು. ಒಂದು ದಿನ ತಾವಾಗಿಯೇ ಬಂದು, "ನೀ ಹೇಳಿದ್ದು ಖರೇ ಇತ್ತವಾ" ಎಂದರು. ಕೊನೆಗೆ ಸುದ್ದಿ ಬಂತು. ದೊಡ್ಡ ದರ್ಜೆಯೇನಲ್ಲ, ಗದಗಿನ ಮಂದಿ ಕೇಳಿದರೆ ಮೂಗು ಮುರಿಯುವಂಥದು. ಆದರೆ ಮಾನ್ಯತೆ ಸಿಕ್ಕಿತ್ತು, ಅಡ್ಮಿಷನ್ ಉಳಿದಿತ್ತು. ಅಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅವರವರ ಹೆಸರು ಮರಳಿ ಬಂತು.

ಗೋಡೆಗೆ ಹೊಸ ಗಿಲಾವು ಹಾಕಿಸಿದರು. ಒಂದು ತುಂಡನ್ನು ಮಾತ್ರ ಹಾಗೆಯೇ ಬತ್ತಲೆ ಬಿಟ್ಟಿದ್ದಾರೆ, ನದಾಫ ಸರ್ ಹೇಳಿ ಬಿಡಿಸಿದ್ದು. ಪ್ರತಿ ವರ್ಷ ಪಾಠಕ್ಕೆ ಬೇಕಂತೆ. ಅದರ ಪಕ್ಕ ಈಗ ಗಟ್ಟಿಯಾದ ಒಂದು ಗೂಟವಿದೆ. ಅದು ನನ್ನ ವೃದ್ಧಾಪ್ಯದ ಜಾಗ ಎಂದು ನೀಲಾಂಬಿಕಾ ಹೇಳಿದ್ದಾರೆ.

ನಾನು ಮುದುಕನಾಗಿದ್ದೇನೆ. ಮಡಿಕೆಯ ಜಾಗದಲ್ಲಿ ಬಣ್ಣ ಹೋಗಿ ಬಟ್ಟೆಯ ನೂಲು ಕಾಣುತ್ತಿದೆ. ನನ್ನ ಮೇಲೆ ಬರೆದದ್ದು ಯಾವುದೂ ನನ್ನಲ್ಲಿ ಉಳಿದಿಲ್ಲ. ನದಿ, ಎಲೆ, ಗೋಡೆ, ಎಲ್ಲ ಒರೆಸಿ ಹೋದವು. ಬರೆದವರ ಕೈ ಮಾತ್ರ ನೆನಪಿದೆ. ಅವಸರದಲ್ಲಿ ಸುತ್ತಿಟ್ಟ ಆ ಪೇಂಟರನಿಗೂ ನಾನು ಋಣಿ. ಅವನು ಬಣ್ಣ ಆರಲು ಬಿಟ್ಟಿದ್ದರೆ ನೀಲಾಂಬಿಕಾ ನನ್ನನ್ನು ಮತ್ತೆ ಗುರುತಿಸುತ್ತಿರಲಿಲ್ಲ.

ಗೂಟಕ್ಕೆ ಹೋಗಲು ಇನ್ನೂ ಅವಸರವಿಲ್ಲ. ಅಂಕಪಟ್ಟಿ ಒಯ್ಯಲು ಬಂದ ಸೋನಾಬಾಯಿ ನನ್ನ ದಾರದ ತುದಿಗೆ ಒಂದು ಸೀಮೆಸುಣ್ಣ ಕಟ್ಟಿ, ಬಸ್ಸಿನಿಂದ ಆಗಷ್ಟೇ ಇಳಿದ ಹೊಸ ಹುಡುಗಿಯೊಬ್ಬಳ ಕೈಗೆ ನನ್ನನ್ನು ಕೊಟ್ಟಳು. "ಇದು ಸುತ್ಕೊಂತೈತಿ, ಹೆದರಬ್ಯಾಡ" ಎಂದಷ್ಟೇ ಹೇಳಿದಳು.

ನಿನ್ನೆ ಆ ಹುಡುಗಿಯ ಮೊದಲ ಪಾಠ. ಸೀಮೆಸುಣ್ಣ ತಾಗಿದಾಗ ಕೈ ನಡುಗುವುದು ಗೊತ್ತಾಯಿತು. ನಾನು ಸುತ್ತಿಕೊಂಡೆ, ಮಕ್ಕಳು ನಕ್ಕವು. ಕಮಲಿ ಚೀಲದಿಂದ ಬುತ್ತಿಯ ಡಬ್ಬಿ ತೆಗೆದು ನನ್ನ ಕೆಳಗಿನ ಕೋಲಿಗೆ ಕಟ್ಟಿದಳು. ದಾರ ಅದೇ ಹಳೆಯ ಗೀರಿನಲ್ಲಿ ಹೋಗಿ ಕೂತಿತು. ನನ್ನ ಮೈ ನೆಟ್ಟಗಾಯಿತು, ಆಕೆ ಬರೆಯತೊಡಗಿದಳು.